ಎಂಜಿನ್ನಿಗೆ ತಕ್ಕ ಆಯಿಲ್ ಪಂಪು



ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ದುಡಿಯುವ ಟ್ರ್ಯಾಕ್ಟರಿನ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವಾಗ, ‘ದೊಡ್ಡ ಆಯಿಲ್ ಪಂಪು ಹಾಕಿದರೆ ಒಳ್ಳೆಯದಲ್ಲವೇ?’ ಎಂಬ ಪ್ರಶ್ನೆ ಏಳುವುದು ಸಹಜ.

ಪಂಪು ಕೊಡುವುದು ಎಣ್ಣೆಯ ಹರಿವನ್ನು ಮಾತ್ರ. ಆ ಹರಿವಿಗೆ ಬೇರಿಂಗುಗಳ ಕಿರುಸಂದು ಒಡ್ಡುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಬೇರಿಂಗ್ ಸವೆದು ಸಂದು ಹಿಗ್ಗಿದರೆ ಒತ್ತಡ ಇಳಿಯುತ್ತದೆ. ದೊಡ್ಡ ಪಂಪು ಈ ದೋಷವನ್ನು ಮರೆಮಾಚುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಸಂದು ಸರಿಯಿದ್ದಲ್ಲಿ ಹೆಚ್ಚಿನ ಎಣ್ಣೆ ರಿಲೀಫ್ ವಾಲ್ವಿನಿಂದ ಹಿಂದಿರುಗಿ ಶಕ್ತಿ ವ್ಯರ್ಥವಾಗುತ್ತದೆ.

ಸಂದನ್ನು ಬೇಕೆಂದೇ ಹಿಗ್ಗಿಸಿದ ರೇಸಿನ ಎಂಜಿನ್ನಿಗೆ ದೊಡ್ಡ ಪಂಪು ತಕ್ಕುದು. ಹೊಲದ ಎಂಜಿನ್ನಿಗೆ ತಯಾರಕರು ಸೂಚಿಸಿದ ಅಳತೆಯದೇ ಸರಿ. ಮೊದಲು ಸಂದು ಅಳೆಯಿರಿ, ಆಮೇಲೆ ಪಂಪು ಆರಿಸಿ. ಹಿಂಗಾರಿ ಬಿತ್ತನೆಯಲ್ಲಿ ಎಂಜಿನ್ ಹಿಡಿದು ನಿಂತರೆ, ಮಣ್ಣಿನ ಹದ ನಮಗಾಗಿ ಕಾಯುವುದಿಲ್ಲ.