ಯಂತ್ರದ ಮಾತಿಗೊಂದು ನಿಘಂಟು



ಮಂಗಳೂರಿನ ಬಂದರಿನಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ನಮ್ಮ ಬೆಂಗ್ರೆ. ಇಲ್ಲಿಯ ಮೀನುಗಾರಿಕೆಯ ಬೋಟುಗಳಲ್ಲಿ ಇಂದು ಜಿಪಿಎಸ್ ಉಂಟು. ನಡುಗಡಲಿನಲ್ಲಿ ಬೋಟು ಎಲ್ಲಿದೆಯೆಂಬುದನ್ನು ಅದು ಸಾಲುಸಾಲಾಗಿ ನುಡಿಯುತ್ತಿರುತ್ತದೆ. ಹಳೆಯ ಜಿಪಿಎಸ್ಸನ್ನು ಇಂದಿನ ಗಣಕಕ್ಕೆ ಜೋಡಿಸಲು ನಡುವೆ ಒಂದು ಪರಿವರ್ತಕ ಬೇಕು. ಆ ಪರಿವರ್ತಕವನ್ನು ನಡೆಸಲು ‘ಡ್ರೈವರ್’ ಎಂಬ ತಂತ್ರಾಂಶ ಬೇಕು. ತಾನೇ ಜೋಡಿಸಿದ ಪುಟ್ಟ ಗಣಕಕ್ಕೆ ಅದನ್ನು ಬರೆಯಹೊರಟ ನೆರೆಯ ತರುಣನೊಬ್ಬ ಕೇಳಿದ: “ಇದಕ್ಕೆ ಆಕರಗ್ರಂಥ ಯಾವುದು, ಸರ್?” ಹಳಗನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಕೇಳುವ ಪ್ರಶ್ನೆಯಲ್ಲ. ಆದರೆ ಆಕರ ಹುಡುಕುವ ಕೆಲಸ ನನಗೆ ಹೊಸದೂ ಅಲ್ಲ.

ಮೊದಲು ದೊರೆತದ್ದು ಕಾರ್ಬೆಟ್, ರುಬಿನಿ, ಕ್ರೋ-ಹಾರ್ಟ್‌ಮನ್ ಎಂಬ ಮೂವರ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’. ಮೂರನೆಯ ಆವೃತ್ತಿ 2005ರದು; ಅಂತರಜಾಲದಲ್ಲಿ ಬೆಲೆಯಿಲ್ಲದೆ ಓದಬಹುದು. ಒಳ್ಳೆಯ ವ್ಯಾಕರಣ, ಆದರೆ ಲಿನಕ್ಸ್ ಅಲ್ಲಿಂದೀಚೆಗೆ ಬಹಳ ಬದಲಾಗಿದೆ. ಕೇಶಿರಾಜನನ್ನು ಕಲಿತು ಇಂದಿನ ಪತ್ರಿಕೆಗೆ ಬರೆಯಹೊರಟಂತೆ. ಎರಡನೆಯದು ತಯಾರಕರ ವಿವರಣಪತ್ರ: ಚಿಪ್ಪಿನ ಯಾವ ಕೋಶದಲ್ಲಿ ಯಾವ ಅಂಕೆಯಿಟ್ಟರೆ ಏನಾಗುವುದೆಂಬ ಪಟ್ಟಿ. ನಿಜವಾದ ನಿಘಂಟು ಇದೇ. ಅದನ್ನು ಪೂರ್ತಿ ಬಿಚ್ಚಿಡದ ತಯಾರಕರೂ ಇದ್ದಾರೆ.

ಆಗ ಉಳಿಯುವುದು ಪ್ರಯೋಗ. 1894ರಲ್ಲಿ ಈ ಹೊಳೆಯ ಆಚೆ ದಡದ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ನೋಡಿ. ಅರ್ಥದ ಜೊತೆಗೆ ಕಾವ್ಯಗಳ, ಗಾದೆಗಳ ಪ್ರಯೋಗಗಳಿವೆ. ಡ್ರೈವರಿಗೆ ಅಂಥ ಪ್ರಯೋಗವೆಂದರೆ ಹಿಂದಿನವರು ಬರೆದು ತೆರೆದಿಟ್ಟ ಲಿನಕ್ಸಿನ ಮೂಲಪಾಠ. ನಮ್ಮ ತರುಣನ ಪರಿವರ್ತಕದಲ್ಲಿದ್ದದ್ದು ಪಿಎಲ್2303 ಎಂಬ ಚಿಪ್ಪು. ಅದರ ಲಿನಕ್ಸ್ ಡ್ರೈವರಿನ ತಲೆಬರಹದಲ್ಲಿ ಮೊದಲ ಕರ್ತೃ ‘ಅನಾಮಧೇಯ’ನೆಂದೇ ಇದೆ! ಹಸ್ತಪ್ರತಿ ಭಂಡಾರದಲ್ಲಿ ಕುಳಿತಂತಾಯಿತು ನನಗೆ. ಒಳಗೆ, ಚಿಪ್ಪನ್ನು ಎಚ್ಚರಿಸುವಾಗ 8484 ಎಂಬ ಸಂಖ್ಯೆ ಕೊಟ್ಟು ಮತ್ತೆ ಮತ್ತೆ ಓದುವ ಸಾಲುಗಳು, ಏಕೆಂಬುದಕ್ಕೆ ಟಿಪ್ಪಣಿಯಿಲ್ಲ. ಅವನ್ನು ಕಿತ್ತುಹಾಕುವ ಆತುರ ಇವನಿಗೆ. ಅರ್ಥವಾಗದ ಪಾಠವನ್ನು ತಿದ್ದಬೇಡ, ಬೇರೆ ಪ್ರತಿ ಸಿಗುವವರೆಗೆ ಇದ್ದಂತೆಯೇ ಇಟ್ಟುಕೊ ಎಂದೆ. ನನ್ನ ಶಾಸ್ತ್ರದಿಂದ ಕೊಡಬಲ್ಲ ಸಲಹೆ ಇದೊಂದೇ.

ಇನ್ನು ಜಿಪಿಎಸ್ಸಿನ ನುಡಿ. 1983ರಲ್ಲಿ ಹೊರಬಂದ ಎನ್‌ಎಂಇಎ 0183 ಎಂಬ ಕ್ರಮದ ಒಂದೊಂದು ಸಾಲಿಗೂ ‘ವಾಕ್ಯ’ವೆಂದೇ ಹೆಸರು. ಡಾಲರ್ ಚಿಹ್ನೆಯಿಂದ ಆರಂಭ, ನಡುವೆ ಅಲ್ಪವಿರಾಮಗಳು, ಕೊನೆಯಲ್ಲಿ ನಕ್ಷತ್ರಚಿಹ್ನೆ ಮತ್ತು ಎರಡಕ್ಷರದ ತಾಳೆಸಂಖ್ಯೆ. ದಾರಿಯಲ್ಲಿ ಒಂದಕ್ಷರ ಕೆಟ್ಟರೂ ತಾಳೆ ತಪ್ಪುತ್ತದೆ. ಆದರೆ ಓದುವವನ ತಪ್ಪನ್ನು ತಾಳೆಸಂಖ್ಯೆ ಹಿಡಿಯಲಾರದು. ಬೆಂಗ್ರೆಯ ಅಕ್ಷಾಂಶ 12 ಡಿಗ್ರಿ 51 ಮಿನಿಟಿನ ಆಸುಪಾಸು. ವಾಕ್ಯದಲ್ಲಿ ಅದು 1251 ಎಂದು ಒಟ್ಟಾಗಿ ಬರುತ್ತದೆ. ಆಕರ ನೋಡದೆ ಅದನ್ನು 12.51 ಡಿಗ್ರಿಯೆಂದು ಬಿಡಿಸಿದರೆ ಅಳಿವೆಬಾಗಿಲಿನ ಬೋಟು ಸುಮಾರು 38 ಕಿಲೋಮೀಟರು ತೆಂಕಕ್ಕೆ, ಕಾಸರಗೋಡಿನ ನೇರಕ್ಕೆ, ಸರಿದುಬಿಡುತ್ತದೆ. ಆಪತ್ತಿನಲ್ಲಿ ಹುಡುಕಲು ಹೊರಟವರು ಅಲ್ಲಿಗೇ ಹೋದಾರು.