ಎಲೆಯ ಹಸಿರನ್ನು ಬಿಡಿಸಿದ ಬಗೆ

ಒಂದು ಹಿಡಿ ಸೊಪ್ಪನ್ನು ಅರೆದು ರಸ ತೆಗೆದರೆ ನಮಗೆ ಕಾಣುವುದು ಒಂದೇ ಹಸಿರು. ಅದರೊಳಗೆ ಎಷ್ಟು ವಸ್ತುಗಳು ಅಡಗಿರುವುವೆಂಬುದನ್ನು ಕಣ್ಣು ಹೇಳಲಾರದು. ಉಪ್ಪೂ ಮರಳೂ ಬೆರೆತಿದ್ದರೆ ನೀರಿನಲ್ಲಿ ಕದಡಿ ಸೋಸಬಹುದು. ಮದ್ಯಸಾರವೂ ನೀರೂ ಬೆರೆತಿದ್ದರೆ ಭಟ್ಟಿಯಿಳಿಸಬಹುದು. ಎಲೆಯ ಬಣ್ಣಗಳಾದರೋ ಕಾಸಿದರೆ ಕೆಡತಕ್ಕವು. ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲತಕ್ಕವು. ಇವನ್ನು ಬೇರ್ಪಡಿಸುವುದೆಂತು?

ಉಪಾಯವನ್ನು ಕಂಡವನು ರಸಾಯನಶಾಸ್ತ್ರಜ್ಞನಲ್ಲ, ಸಸ್ಯಶಾಸ್ತ್ರಜ್ಞನಾದ ಮಿಖಾಯಿಲ್ ತ್ಸ್ವೆತ್. ರಷ್ಯನ್ ನುಡಿಯಲ್ಲಿ ತ್ಸ್ವೆತ್ ಎಂದರೆ ಬಣ್ಣವೆಂದೇ ಅರ್ಥ. ವಿಧಿಯೂ ಒಮ್ಮೊಮ್ಮೆ ಶ್ಲೇಷೆಯಾಡುವುದುಂಟು. ಈತನು 1903ರಲ್ಲಿ ವಾರ್ಸಾ ನಗರದ ವಿದ್ವತ್ಸಭೆಯೊಂದರ ಮುಂದೆ ತನ್ನ ವಿಧಾನದ ಬೀಜವನ್ನಿಟ್ಟು, 1906ರಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ವಿಸ್ತರಿಸಿ, ಕ್ರೊಮಟೋಗ್ರಫಿ, ಎಂದರೆ ವರ್ಣಲೇಖನವೆಂದು ಹೆಸರಿಟ್ಟನು.

ಸಲಕರಣೆ ಬಹು ಸರಳ. ಸಪೂರವಾದ ಗಾಜಿನ ನಳಿಗೆಯಲ್ಲಿ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಒತ್ತಾಗಿ ತುಂಬಿ, ಮೇಲಿನಿಂದ ಎಲೆಯ ಬಣ್ಣದ ದ್ರಾವಣವನ್ನು ಸುರಿಯುವುದು. ಮೊದಲು ಹಸಿರಿನದೊಂದು ಬಳೆ ನಿಲ್ಲುತ್ತದೆ. ಆಮೇಲೆ ಶುದ್ಧ ದ್ರಾವಕವನ್ನು ಬಿಡುತ್ತ ಬಂದರೆ ಆ ಬಳೆ ಒಡೆದು ಹಲವಾಗುತ್ತದೆ: ಮೇಲೆ ಹಳದಿ ಬೆರೆತ ಹಸಿರು, ಅದರ ಕೆಳಗೆ ನೀಲಿ ಬೆರೆತ ಹಸಿರು, ಬಳಿಕ ಹಳದಿಯ ಪಟ್ಟಿಗಳು. ಎಲ್ಲಕ್ಕೂ ಮುಂದಾಗಿ ಕ್ಯಾರೊಟೀನು ಹೊರಬೀಳುತ್ತದೆ.

ಇದರ ಮರ್ಮವೇನು? ಜೊತೆಯಾಗಿ ಪೇಟೆಬೀದಿಯನ್ನು ಹೊಕ್ಕ ಇಬ್ಬರಲ್ಲಿ ಒಬ್ಬನು ಅಂಗಡಿಯಂಗಡಿಗೂ ನಿಲ್ಲುವನು, ಮತ್ತೊಬ್ಬನು ನೆಟ್ಟಗೆ ನಡೆದುಬಿಡುವನು. ಬೀದಿ ಮುಗಿಯುವ ವೇಳೆಗೆ ಅವರ ನಡುವೆ ದೂರ ಬಿದ್ದಿರುತ್ತದೆ. ಪ್ರತಿಯೊಂದು ಅಣುವೂ ಕ್ಷಣಕಾಲ ಪುಡಿಯ ಮೈಗೆ ಅಂಟುತ್ತದೆ, ಮತ್ತೆ ದ್ರಾವಕಕ್ಕೆ ಇಳಿದು ಮುಂದೆ ಸಾಗುತ್ತದೆ. ಆಮ್ಲಜನಕವೇ ಇಲ್ಲದ ಕ್ಯಾರೊಟೀನಿಗೆ ಸುಣ್ಣದ ಮೋಹ ಅಲ್ಪ. ಆಮ್ಲಜನಕವುಳ್ಳ ಪತ್ರಹರಿತ್ತುಗಳಿಗೆ ಹೆಚ್ಚು.

ಕೆಲಸಕ್ಕೆ ತಾಳ್ಮೆ ಬೇಕು. ನಾವು ಒಮ್ಮೆ ದ್ರಾವಕದ ಮಟ್ಟವನ್ನು ಗಮನಿಸದೆ ಊಟಕ್ಕೆ ಹೋದೆವು. ಬಂದು ನೋಡಿದರೆ ಪುಡಿ ಒಣಗಿ ಬಿರುಕು ಬಿಟ್ಟಿತ್ತು. ಮತ್ತೆ ದ್ರಾವಕ ಹೊಯ್ದಾಗ ಬೇರಾಗಿದ್ದ ಬಣ್ಣಗಳೆಲ್ಲ ಆ ಬಿರುಕಿನಲ್ಲೇ ನುಗ್ಗಿ ಒಂದಾಗಿ ಇಳಿದುವು. ಮೂರು ದಿನದ ಶ್ರಮ ಬಟ್ಟಲಿನ ಹಸಿರು ನೀರಾಯಿತು!

ಈಗ ಸೀಮೆಸುಣ್ಣದ ಸ್ಥಾನಕ್ಕೆ ಬಹುಮಟ್ಟಿಗೆ ಸಿಲಿಕಾ, ಅಲ್ಯುಮಿನಾಗಳು ಬಂದಿವೆ. ಬಣ್ಣವಿಲ್ಲದ ವಸ್ತುಗಳನ್ನೂ ಹೀಗೆಯೇ ಬಿಡಿಸುತ್ತಾರೆ. ಆದರೆ ತ್ಸ್ವೆತ್ತನ ಕಾಲದ ರಸಾಯನಜ್ಞರಿಗೆ ಇದು ರುಚಿಸಲಿಲ್ಲ. ಹರಳುಗಟ್ಟಿಸಿ ಕೈಯಲ್ಲಿ ಹಿಡಿದು ತೋರಿಸದ ಹೊರತು ವಸ್ತು ಶುದ್ಧವೆಂದು ಅವರು ಒಪ್ಪುತ್ತಿರಲಿಲ್ಲ. ಪುಡಿಯ ಸಂಗದಿಂದ ಬಣ್ಣವೇ ಕೆಡುವುದೆಂಬ ಶಂಕೆಯೂ ಇತ್ತು. ತೀಕ್ಷ್ಣವಾದ ಪುಡಿಗಳಲ್ಲಿ ಆ ಶಂಕೆ ಸುಳ್ಳೂ ಅಲ್ಲ. ಆದರೆ ಹರಳನ್ನು ನಂಬಿದವರಿಗೂ ಮೋಸವಾಗಿತ್ತು. 1831ರಲ್ಲಿ ಗಜ್ಜರಿಯಿಂದ ತೆಗೆದ ಕ್ಯಾರೊಟೀನನ್ನು ನೂರು ವರ್ಷ ಒಂದೇ ವಸ್ತುವೆಂದು ಎಣಿಸಿದ್ದರು. 1931ರಲ್ಲಿ ಹೈಡಲ್‌ಬರ್ಗಿನಲ್ಲಿ ಕೂನ್ ಮತ್ತು ಲೆಡೆರರ್ ಎಂಬವರು ತ್ಸ್ವೆತ್ತನ ನಳಿಗೆಯನ್ನು ಮರಳಿ ಕೈಗೆತ್ತಿಕೊಂಡು, ಅದರಲ್ಲಿ ಎರಡು ಬಗೆಗಳಿರುವುದನ್ನು ತೋರಿಸಿದರು. ಆ ವೇಳೆಗೆ ತ್ಸ್ವೆತ್ ಗತಿಸಿ 12 ವರ್ಷಗಳಾಗಿದ್ದುವು.