ಹಬ್ಬದ ಮರುದಿನ

ಕ್ರಿಸ್‌ಮಸ್ಸೆಂದರೆ ನಮ್ಮ ನೆನಪಿಗೆ ಬರುವುದು ಶಾಂತಿ, ಸಮಾಧಾನ. ಆದರೆ ಆ ಹಬ್ಬದ ಮರುದಿನಕ್ಕೆ ಬೇರೊಂದು ಚರಿತ್ರೆಯುಂಟು. ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಸುಬು ಕಲಿಯುವ ಹುಡುಗರೂ ಆಳುಗಳೂ ಮಣ್ಣಿನ ಹುಂಡಿ ಹಿಡಿದು ಒಡೆಯರಿಂದಲೂ ಗಿರಾಕಿಗಳಿಂದಲೂ ಕ್ರಿಸ್‌ಮಸ್ಸಿನ ಕಾಸು ಪಡೆಯುತ್ತಿದ್ದರು. ಹುಂಡಿ ತುಂಬಿದ ಮೇಲೆ ಅದನ್ನು ಒಡೆಯುವುದು ವಾಡಿಕೆ. ಬಡವರು ಗುಂಪುಗೂಡಿ ಸಿರಿವಂತರ ಬಾಗಿಲಲ್ಲಿ ಹಾಡಿ, ತಿನಿಸು ಪಾನೀಯಗಳನ್ನು ಕೇಳುವುದೂ ಇತ್ತು. ನಮ್ಮ ಹಳ್ಳಿಯ ಆಯಗಾರರು ಸುಗ್ಗಿಯ ಕಣದಲ್ಲಿ ನಿಂತು ಪಡೆಯುತ್ತಿದ್ದ ಧಾನ್ಯದಂತೆ, ಪಡೆಯುವವರ ಎಣಿಕೆಯಲ್ಲಿ ಅದು ಭಿಕ್ಷೆಯಲ್ಲ, ಸಲ್ಲಬೇಕಾದ ಪಾಲು.

1843ರಲ್ಲಿ ಡಿಕನ್ಸನು ಬರೆದ ಪ್ರಸಿದ್ಧ ಕ್ರಿಸ್‌ಮಸ್ ಕತೆಯಲ್ಲಿ ಜಿಪುಣ ಸ್ಕ್ರೂಜನ ಮನಸ್ಸು ಕರಗುತ್ತದೆ, ಗುಮಾಸ್ತನ ಸಂಬಳ ಏರುತ್ತದೆ. ಕತೆ ಹೃದ್ಯವಾದದ್ದೇ. ಆದರೆ ಗುಮಾಸ್ತ ಏರಿಕೆಯನ್ನು ಕೇಳಿದವನಲ್ಲ. ಒಡೆಯನ ಮನಸ್ಸು ಕರಗುವವರೆಗೆ ಕಾದವನು. ಬ್ರಿಟಿಷರ ಆಳ್ವಿಕೆಯ ನಮ್ಮ ದೇಶದಲ್ಲಂತೂ ಕಾಣಿಕೆ ಕೆಳಗಿನಿಂದ ಮೇಲಕ್ಕೇ ಹರಿಯಿತು. ಹಣ್ಣು ಮಿಠಾಯಿಗಳ ಡಾಲಿಯನ್ನು ಕೈಕೆಳಗಿನವರೇ ದೊರೆಗಳ ಬಂಗಲೆಗೆ ಹೊತ್ತೊಯ್ಯುತ್ತಿದ್ದರು.

ಇನ್ನು ನಮ್ಮ ಊರಿನ ಮಾತು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳೆದ್ದವು. 1980ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನವೇ, ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ನವರಿಗೆ ಸಮನಾದ ವೇತನ ಬೇಕೆಂಬುದು ಅವರ ಬೇಡಿಕೆ. ಮುಷ್ಕರ 77 ದಿನ ನಡೆಯಿತು. ಕೇಳಿದ್ದು ಕೇಳಿದಂತೆ ಕೈಗೂಡಲಿಲ್ಲ. ತೇದಿಯ ಹೊಂದಿಕೆ ಆಕಸ್ಮಿಕವೇ ಆಗಿದ್ದರೂ ಅರ್ಥವುಳ್ಳದ್ದು. ಒಡೆಯರು ಆಳುಗಳಿಗೆ ಇನಾಮು ಕೊಡುವ ದಿನವೆಂದು ಇಂಗ್ಲೆಂಡಿನವರು ಆಚರಿಸುತ್ತಿದ್ದ ದಿನ, ಇಲ್ಲಿ ದುಡಿಯುವವರು ಇನಾಮಿಗೆ ಬದಲು ವೇತನವನ್ನು ಕೇಳಿದರು.

ಇನಾಮಿಗೂ ಹಕ್ಕಿಗೂ ಇರುವ ಅಂತರವನ್ನು ಕಾನೂನೂ ಬಲ್ಲದು. 1965ರ ಬೋನಸ್ ಕಾಯಿದೆ ಕಾರ್ಖಾನೆಯ ಕಾರ್ಮಿಕನ ಹಬ್ಬದ ಹಣವನ್ನು ಹಕ್ಕಾಗಿಸಿತು. ಮನೆಗೆಲಸದ ಹೆಂಗಸಿನವರೆಗೆ ಮಾತ್ರ ಆ ಕಾಯಿದೆಯ ಕೈ ಚಾಚಲಿಲ್ಲ. ಹೆಬ್ಬಾಳ, ಆರ್.ಟಿ. ನಗರಗಳ ಮನೆಗಳಲ್ಲಿ ಆಕೆಗೆ ದೊರೆಯುವ ದೀಪಾವಳಿಯ ಸೀರೆಯಾಗಲಿ, ಕ್ರಿಸ್‌ಮಸ್ಸಿನ ಕೇಕಾಗಲಿ, ಇಂದಿಗೂ ಯಜಮಾನಿತಿಯ ಮನಸ್ಸನ್ನೇ ಅವಲಂಬಿಸಿದೆ.

ಕೇಕನ್ನು ಕೊಡಬಾರದೆಂದು ನಾನು ಹೇಳುತ್ತಿಲ್ಲ. ಹಂಚಿ ತಿನ್ನದ ಹಬ್ಬ ಹಬ್ಬವಲ್ಲ. ಆದರೆ ಮರುದಿನ ಆಕೆ ಸಂಬಳದ ಮಾತೆತ್ತಿದರೆ, ನಿನ್ನೆ ಕೊಟ್ಟ ಕೇಕನ್ನು ನೆನಪಿಸುವುದು ಬೇಡ.